ನೀರಿಗೆ ಹಾಕಿದ ಕವರು

ಆ ಮನೆಯಲ್ಲಿ ಊಟದ ತಟ್ಟೆಯನ್ನು ಕೈಗೆತ್ತಿಕೊಂಡವರು ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ತಳದಲ್ಲಿ ಯಾವುದಾದರೂ ರಾಜನ ತಲೆಯೋ, ದೀಪಸ್ತಂಭವೋ, ಕಬ್ಬಿನ ಜಲ್ಲೆಯೋ ಅಂಟಿಕೊಂಡಿರುವ ಸಂಭವವಿತ್ತು. ಅಂಚೆಚೀಟಿ ನೆನೆಹಾಕಲೆಂದೇ ಸೊಸೆ ಎರಡು ಸಲ ಪ್ಲಾಸ್ಟಿಕ್ ಬೋಗುಣಿ ತಂದುಕೊಟ್ಟಿದ್ದಳು. ಆಳವಾದ ಪಾತ್ರೆಯಲ್ಲಿ ಚೀಟಿ ಮುದುಡಿಕೊಳ್ಳುತ್ತದೆ, ಅಗಲ ತಟ್ಟೆಯೇ ಆಗಬೇಕು ಎಂದು ತಾತನ ಹಟ. ಬೋಗುಣಿಗಳೆರಡೂ ಈಗ ಈರುಳ್ಳಿ ಇಡುವುದಕ್ಕೆ ಬಳಕೆಯಾಗುತ್ತಿದ್ದವು.

"ಮಾವ, ಇವತ್ತು ನಿಮ್ಮ ಮಗ ಮೊಟ್ಟೆ ಜೊತೆ ಒಬ್ಬ ರಾಜನನ್ನೂ ತಿಂದುಬಿಟ್ರು," ಎಂದು ಸೊಸೆ ಒಂದು ದಿನ ಹೇಳಿದಾಗ ತಾತ ಕುರ್ಚಿ ಬಿಟ್ಟು ಎದ್ದೇ ಬಿಟ್ಟಿದ್ದ.

"ಯಾವ ಬಣ್ಣದ್ದು?"

"ಬಣ್ಣ ಕೇಳ್ತೀರಲ್ಲ! ಮಗನ ಹೊಟ್ಟೆ ಹೇಗಿದೆ ಅಂತ ಕೇಳಬಾರದಾ?"

ಮಗ ಸಿಟಿ ಬಸ್ಸಿನ ಡ್ರೈವರು. ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಉಂಡು ಗಟ್ಟಿಯಾದ ಹೊಟ್ಟೆ ಅದು, ರಾಜನಿಗೆಲ್ಲ ಜಗ್ಗುವುದಿಲ್ಲ. ಮೂಲೆಯಲ್ಲಿ ಕೂತು ಆಲೂಗಡ್ಡೆ ಹೆರೆಯುತ್ತಿದ್ದ ಅಜ್ಜಿ ಚಾಕು ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಇಟ್ಟು ನಕ್ಕಿದ್ದಳು. ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ ಇರಬೇಕು.

ತಾತ ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ನಿಂತು ಕಾಗದಗಳ ಮೇಲೆ ಮುದ್ರೆ ಬಡಿದವನು. ಬೀದಿಯವರೆಲ್ಲ ಅವನನ್ನು ಠಸ್ಸೆ ತಾತ ಎನ್ನುತ್ತಿದ್ದರು. ಅವನು ಕೂಡಿಡುತ್ತಿದ್ದ ಚೀಟಿಗಳೆಲ್ಲ ಒಂದೇ ದ್ವೀಪದವು. ಒಂದು ಕಾಲಕ್ಕೆ ದೂರದವರ ವಸಾಹತಾಗಿದ್ದು ಆಮೇಲೆ ಸ್ವತಂತ್ರವಾದ, ಭೂಪಟದಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಚಿಕ್ಕ ದ್ವೀಪ. ಅಜ್ಜಿಯ ಒಬ್ಬನೇ ತಮ್ಮ ಇಪ್ಪತ್ತೆರಡನೆಯ ವಯಸ್ಸಿಗೆ ಅಲ್ಲಿನ ಸಕ್ಕರೆ ಕಾರ್ಖಾನೆಗೆ ಫಿಟ್ಟರ್ ಆಗಿ ಹೋದವನು ಅಲ್ಲೇ ಮದುವೆಯಾಗಿ ಉಳಿದುಬಿಟ್ಟ. ವರ್ಷಕ್ಕೆ ಮೂರೋ ನಾಲ್ಕೋ ಕಾಗದ ಬರೆಯುತ್ತಿದ್ದ. ಅಜ್ಜಿಗೆ ಓದು ಬರಹ ಬಾರದು. ಕಾಗದ ಓದಿ ಹೇಳುವವನೂ ತಾತನೇ, ಅವಳು ಹೇಳಿದ್ದನ್ನು ಬರೆದು ಹಾಕುವವನೂ ತಾತನೇ. ಕಾಗದ ಅವಳಿಗೆ, ಸ್ಟಾಂಪು ಅವನಿಗೆ ಎಂದು ಗಂಡಹೆಂಡಿರಲ್ಲಿ ಒಪ್ಪಂದವಾಗಿತ್ತು.

ಚೀಟಿಯ ವಿಷಯದಲ್ಲಿ ತಾತ ಬಹಳ ನಾಜೂಕಿನ ಮನುಷ್ಯ. ಅಂಚಿನ ಹಲ್ಲುಗಳನ್ನು ಎಣಿಸಿ ಯಾವ ಸಲದ ಅಚ್ಚು ಎಂದು ಹೇಳುತ್ತಿದ್ದ. ಕಪ್ಪು ತಟ್ಟೆಯಲ್ಲಿ ಚೀಟಿಯನ್ನು ಮಗುಚಿ ಹಾಕಿ ಒಂದು ಹನಿ ಪೆಟ್ರೋಲು ಬಿಟ್ಟು, ಕಾಗದದೊಳಗೆ ಅಡಗಿದ ಕಿರೀಟದ ಗುರುತು ಮೂಡುವುದನ್ನು ಮೊಮ್ಮಗಳಿಗೆ ತೋರಿಸುತ್ತಿದ್ದ. ದಿನವಿಡೀ ಠಸ್ಸೆ ಬಡಿದು ಸಂಬಳ ತಂದವನಿಗೆ ತನ್ನ ಆಲ್ಬಮ್ಮಿನಲ್ಲಿ ಮಾತ್ರ ಠಸ್ಸೆ ಕಂಡರಾಗದು. ಮಸಿ ಮೆತ್ತಿದವುಗಳನ್ನು ಗೆಳೆಯನಾದ ಗಡಿಯಾರ ರಿಪೇರಿಯವನಿಗೆ ಹತ್ತಕ್ಕೆ ಒಂದರಂತೆ ಕೊಟ್ಟು, ಮುದ್ರೆ ಬಿದ್ದೂ ಬೀಳದಂತಿರುವ ಶುಭ್ರವಾದವನ್ನೇ ಆರಿಸಿ ತರುತ್ತಿದ್ದ.

ಹತ್ತೊಂಬತ್ತು ವರ್ಷದ ಹಿಂದೆ ಆ ತಮ್ಮನ ಕಾಗದ ನಿಂತುಹೋಯಿತು. ಕಾರ್ಖಾನೆ ಮುಚ್ಚಿದೆ, ಬೇರೆ ಊರಿಗೆ ಬಂದಿದ್ದೇನೆ ಎಂದು ಕೊನೆಯ ಕಾಗದದಲ್ಲಿ ಬರೆದಿದ್ದ. ವಿಳಾಸ ಕೊಟ್ಟಿರಲಿಲ್ಲ. ಹಾಗೆಂದು ತಾತ ಹೇಳಿದ್ದ. "ಊರಿನ ಹೆಸರಾದರೂ ಬರೀಬೇಡವಾ? ನಿನ್ನ ತಮ್ಮ ಶುದ್ಧ ಬೇಜವಾಬ್ದಾರಿ," ಎಂದು ರೇಗಿಯೂ ಇದ್ದ. ಹಳೆಯ ವಿಳಾಸಕ್ಕೆ ಹಾಕಿದ ಎರಡು ಕಾಗದ ಹಾಗೇ ಹಿಂದಕ್ಕೆ ಬಂದವು. ಹೆಂಡತಿ ಮಕ್ಕಳಾದ ಮೇಲೆ ಅಕ್ಕ ಯಾಕೆ ಬೇಕು ಎಂದು ಅಜ್ಜಿ ಮೊದಲು ಅತ್ತಳು, ಆಮೇಲೆ ಬೈದಳು. ಆದರೂ ವರ್ಷಕ್ಕೆ ಒಂದೆರಡು ಸಲ ಬಿಸ್ಕತ್ತಿನ ಡಬ್ಬಿಯಿಂದ ಆ ಕಾಗದ ತೆಗೆದು, "ರೀ, ಇದನ್ನೊಂದು ಸಲ ಓದಿ," ಎನ್ನುತ್ತಿದ್ದಳು. ತಾತ ಓದುತ್ತಿದ್ದ. ಓದುವವನು ಮನೆಯಲ್ಲೇ ಇದ್ದಾಗ ಇನ್ನೊಬ್ಬರನ್ನು ಕೇಳುವ ಪ್ರಮೇಯವೇ ಬರಲಿಲ್ಲ.

ಒಂದು ಬೆಳಿಗ್ಗೆ ಆಲೂಗಡ್ಡೆ ಹೆರೆಯುತ್ತಿದ್ದಾಗ ಅಜ್ಜಿಯ ಎಡಗೈಯಿಂದ ಗಡ್ಡೆ ಜಾರಿತು. ಹೆಕ್ಕಲು ಹೋದವಳು ಎಡಕ್ಕೇ ವಾಲಿ ಬಿದ್ದಳು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಎಡಗೈ ಎಡಗಾಲು ಸತ್ವ ಕಳೆದುಕೊಂಡಿದ್ದವು, ಮಾತು ಸ್ವಲ್ಪ ತೊದಲುತ್ತಿತ್ತು. ಇನ್ನೊಂದು ಸಲ ಹೀಗಾದರೆ ಕಷ್ಟ ಎಂದು ಡಾಕ್ಟರು ಮಗನನ್ನು ಹೊರಗೆ ಕರೆದು ಹೇಳಿದರು.

ಮನೆಯ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಮುಂದಿನ ಕೋಣೆಯಲ್ಲಿದ್ದ ತಾತನ ಮೇಜನ್ನು ಅಡುಗೆಮನೆಯ ಬಾಗಿಲ ಬಳಿಗೆ ತಳ್ಳಿ ಅದಿದ್ದ ಜಾಗದಲ್ಲಿ ಅಜ್ಜಿಯ ಮಂಚ ಹಾಕಿದರು. ಸೊಸೆ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವಳು. ದಿನಕ್ಕೆ ಇನ್ನೂರು ಬೆಡ್‌ಶೀಟು ಮಡಚಿ ಬಂದು ಮನೆಯಲ್ಲಿ ಅತ್ತೆಯದನ್ನೂ ಬದಲಿಸಬೇಕಾಯಿತು. ಮಗ ಬೆಳಗಿನ ಪಾಳಿ ಕೇಳಿಕೊಂಡ. ಗಂಜಿ ಕುಡಿಸುವುದು ತಾತನ ಪಾಲಿಗೆ ಬಂತು, ಮಧ್ಯಾಹ್ನ ಶಾಲೆ ಮುಗಿಸಿ ಬಂದ ಮೇಲೆ ಜೊತೆಗೆ ಕೂರುವುದು ಮೊಮ್ಮಗಳ ಪಾಲಿಗೆ. ಹದಿನಾರು ವರ್ಷದ ಅವಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ಕೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿ ಮನೆಯವರ ಮಾನವನ್ನು ಬೀದಿಗೆ ಹಾಕುತ್ತಿದ್ದವಳು.

"ನನ್ನ ತಮ್ಮನಿಗೊಂದು ಕಾಗದ ಹಾಕಿ," ಎಂದು ಅಜ್ಜಿ ಗಂಜಿಯ ನಡುವೆ ಹೇಳಿದಳು. "ಒಂದು ಸಲ ನೋಡಿಬಿಡಬೇಕು. ಬರೋಕಾಗದಿದ್ರೆ ಒಂದು ಸಾಲು ಬರೀಲಿ."

"ವಿಳಾಸ ಎಲ್ಲಿದೆ ಮಾರಾಯ್ತಿ? ಬಾಯಿ ತೆಗಿ."

"ಇಷ್ಟು ವರ್ಷ ಆ ದ್ವೀಪದ್ದೇ ಸ್ಟಾಂಪು ನೋಡ್ತೀರಿ. ಹುಡುಕೋಕೆ ದಾರಿ ಇಲ್ವಾ?"

"ಸ್ಟಾಂಪಿನ ಮೇಲೆ ನಿನ್ನ ತಮ್ಮನ ಮನೆ ನಂಬರು ಹಾಕಿರ್ತಾರಾ? ಕುಡಿ."

ಮರುದಿನ ಮಧ್ಯಾಹ್ನ ತಾತ ಮಾತ್ರೆ ತರಲು ಹೋಗಿದ್ದ. ಅಜ್ಜಿ ಡಬ್ಬಿಯ ಕಡೆ ಬಲಗೈ ತೋರಿಸಿದಳು. ಗಿಣಿ ಕಾಗದ ತೆಗೆದು, ಮಡಿಕೆಯಲ್ಲಿ ಹರಿಯದಂತೆ ಬಿಡಿಸಿ, ಗಟ್ಟಿಯಾಗಿ ಓದತೊಡಗಿದಳು.

"ಅಕ್ಕನಿಗೆ ನಮಸ್ಕಾರಗಳು. ಕಾರ್ಖಾನೆ ಮುಚ್ಚಿತು. ನಾವು ಬೇರೆ ಊರಿಗೆ ಬಂದು ಹದಿನೈದು ದಿನವಾಯಿತು. ಮನೆ ಚಿಕ್ಕದು, ಹಿಂದೆ ಬಾವಿ ಇದೆ." ಅಜ್ಜಿಯ ತುಟಿಗಳೂ ಜೊತೆಜೊತೆಗೇ ಅಲ್ಲಾಡುತ್ತಿದ್ದವು. ಅವಳಿಗೆ ಅದೆಲ್ಲ ಬಾಯಿಪಾಠ. "ಹೊಸ ವಿಳಾಸವನ್ನು ಕವರಿನ ಹಿಂದೆ ದೊಡ್ಡದಾಗಿ ಬರೆದಿದ್ದೇನೆ. ಭಾವ ಮೊದಲು ಅದನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಲಿ, ಸ್ಟಾಂಪು ಕಂಡರೆ ಅವರಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಮಕ್ಕಳು ಆರೋಗ್ಯವಾಗಿದ್ದಾರೆ..."

ಅಜ್ಜಿಯ ತುಟಿಗಳು ನಿಂತಿದ್ದವು.

"ಬಾವಿ ಆದಮೇಲೆ ಏನಂದೆ?"

ಗಿಣಿ ಮತ್ತೊಮ್ಮೆ ಓದಿದಳು.

"ಅದು ಅದರಲ್ಲಿ ಇದೆಯಾ?"

"ಇದೆ ಅಜ್ಜಿ. ಇಲ್ಲಿ ನೋಡು, ಕೆಳಗೆ ಗೆರೆ ಕೂಡ ಎಳೆದಿದ್ದಾರೆ."

"ನಿಮ್ಮ ತಾತ ಓದೋವಾಗ ಅದು ಇರಲ್ಲ," ಎಂದಳು ಅಜ್ಜಿ.

ತಾತ ಮಾತ್ರೆಯ ಪೊಟ್ಟಣ ಹಿಡಿದು ಒಳಗೆ ಬಂದಾಗ ಕಾಗದ ಅಜ್ಜಿಯ ಹೊಟ್ಟೆಯ ಮೇಲೆ ಬಿಡಿಸಿಕೊಂಡೇ ಇತ್ತು. ಗಿಣಿ ನೆಲ ನೋಡುತ್ತಿದ್ದಳು. ಅವನಿಗೆ ಏನೂ ಹೇಳಬೇಕಾಗಲಿಲ್ಲ. ಚಪ್ಪಲಿ ಬಿಡುವುದನ್ನೂ ಮರೆತು ಕುರ್ಚಿಯ ತುದಿಯಲ್ಲಿ ಕೂತ.

"ಹೊಸ ಸ್ಟಾಂಪು ಬಂದಿತ್ತು ಆವತ್ತು," ಎಂದ. "ದ್ವೀಪಕ್ಕೆ ಸ್ವಾತಂತ್ರ್ಯ ಬಂದ ವಾರದ್ದು. ಹಳೇ ರಾಜನ ತಲೆ ಮೇಲೇ ದೇಶದ ಹೊಸ ಹೆಸರನ್ನ ಕಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ನಾನು ಅದುವರೆಗೆ ಕಣ್ಣಲ್ಲಿ ನೋಡಿರಲಿಲ್ಲ. ಕಾಗದ ತೆಗೆದು ಪಕ್ಕಕ್ಕಿಟ್ಟು ಕವರನ್ನ ಪೂರ್ತಿ ನೀರಿಗೆ ಹಾಕಿಬಿಟ್ಟೆ. ಆಮೇಲೆ ಕೂತು ಕಾಗದ ಓದಿದೆ. ಆ ಸಾಲು ಬಂತು. ಓಡಿಹೋಗಿ ನೋಡಿದರೆ ಹಿಂದೆ ಬರೆದಿದ್ದೆಲ್ಲ ನೀಲಿ ನೀರಾಗಿತ್ತು."

"ಸ್ಟಾಂಪು?" ಎಂದಳು ಅಜ್ಜಿ.

ತಾತ ಈಗ ಬಗ್ಗಿ ಒಂದೊಂದೇ ಚಪ್ಪಲಿ ಕಳಚಿದ.

"ಸ್ಟಾಂಪು ಚೆನ್ನಾಗಿ ಬಂತು."

ಆಮೇಲೆ ಅಜ್ಜಿ ಅವನ ಜೊತೆ ಮಾತು ಬಿಟ್ಟಳು. ಅರ್ಧ ಮೈ ಬಿದ್ದುಹೋದವಳ ಕೈಯಲ್ಲಿ ಉಳಿದಿದ್ದ ಒಂದೇ ಅಸ್ತ್ರ ಅದು. "ಗಿಣಿ, ದಿಂಬು ಸರಿಸೋದು ಬೇಡ ಅಂತ ನಿಮ್ಮ ತಾತನಿಗೆ ಹೇಳು," ಎನ್ನುತ್ತಿದ್ದಳು, ತಾತ ದಿಂಬು ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದ. ಅವನು ಗಂಜಿಯ ಚಮಚ ಹಿಡಿದರೆ ಬಾಯಿ ತೆರೆಯುತ್ತಿರಲಿಲ್ಲ. ಸೊಸೆ ಕೆಲಸಕ್ಕೆ ಹೊರಡುವ ಮುಂಚೆಯೇ ಎದ್ದು ಗಂಜಿ ಕುಡಿಸಬೇಕಾಯಿತು.

ಮಗ ಒಂದು ದಿನ ಊಟದ ಹೊತ್ತಿಗೆ ಸಂಧಾನಕ್ಕೆ ಕೈಹಾಕಿದ. "ಬಿಡಮ್ಮ. ಆಗಿಹೋಯ್ತು. ಹತ್ತೊಂಬತ್ತು ವರ್ಷದ ಹಿಂದಿನ ಮಾತು."

"ಹತ್ತೊಂಬತ್ತು ವರ್ಷ ನಾನು ನನ್ನ ತಮ್ಮನ್ನ ಬೈದೆ ಕಣೋ. ಅವನು ಅಲ್ಲಿ ದಿನಾ ಬಾಗಿಲು ನೋಡ್ಕೊಂಡು ಕೂತಿದ್ದನೋ ಏನೋ. ನಾನು ಇಲ್ಲಿ ಬೈಯ್ತಾ ಇದ್ದೆ."

"ಅಪ್ಪ ಬೇಕು ಅಂತ ಮಾಡಿದ್ದಾ?"

ಸೊಸೆ ರೊಟ್ಟಿಯ ತಟ್ಟೆಯನ್ನು ಗಂಡನ ಮುಂದೆ ಕುಕ್ಕಿದಳು. "ನೀರಿಗೆ ಹಾಕಿದ್ದು ಬೇಕು ಅಂತ ಅಲ್ಲ. ಆಮೇಲೆ ಪ್ರತಿ ಸಲ ಒಂದು ಸಾಲು ಹಾರಿಸಿ ಓದಿದ್ದು? ಅದಕ್ಕೆ ಏನು ಹೇಳ್ತೀರಿ?"

"ನೀನು ಮಧ್ಯೆ ಬಾಯಿ ಹಾಕಬೇಡ."

"ಶೀಟು ಬದಲಿಸೋಕೆ ನಾನು ಬೇಕು, ಮಾತಾಡೋಕೆ ಬೇಡವಾ?" ಎಂದವಳು ಅತ್ತೆಯ ಕಡೆ ತಿರುಗಿ ಮೆಲ್ಲಗೆ, "ನೀವೂ ಅಷ್ಟೇ ಅತ್ತೆ. ನಾಲ್ಕಕ್ಷರ ಕಲಿತಿದ್ರೆ ಆಗ್ತಿತ್ತಲ್ಲ," ಎಂದಳು.

"ಓದೋರು ಮನೇಲೇ ಇದ್ದಾರೆ ಅಂತ ಸುಮ್ಮನಿದ್ದೆ ಕಣಮ್ಮ," ಎಂದಳು ಅಜ್ಜಿ.

ಅಡುಗೆಮನೆಯ ಬಾಗಿಲ ಬಳಿ ತಾತ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ರೊಟ್ಟಿಯನ್ನು ಚೂರುಚೂರು ಮಾಡಿದ, ತಿನ್ನಲಿಲ್ಲ. ಆ ಮನುಷ್ಯನನ್ನು ನೋಡಿದರೆ ಅಯ್ಯೋ ಎನಿಸುತ್ತಿತ್ತು, ಆದರೆ ಮಂಚದ ಕಡೆ ನೋಡಿದರೆ ಆ ಕನಿಕರವೂ ನಿಲ್ಲುತ್ತಿರಲಿಲ್ಲ.

ಮರುದಿನ ಗಿಣಿ ಶಾಲೆಯಿಂದ ಬಂದಾಗ ತಾತ ಆಲ್ಬಮ್ಮಿನಿಂದ ಆ ಕೊನೆಯ ಕವರಿನ ಚೀಟಿಯನ್ನು ಚಿಮಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದ್ದ. ಅವನ ಸಂಗ್ರಹದಲ್ಲೇ ಶ್ರೇಷ್ಠವಾದದ್ದು. ಮುದ್ರೆ ಒಂದು ಮೂಲೆಗೆ ಮಾತ್ರ ತಾಗಿತ್ತು. ಮುಖಕ್ಕೆ ಮಸಿ ಬೀಳಲಿಲ್ಲವಲ್ಲ, ಎಂಥ ಅದೃಷ್ಟ ಎಂದು ಆವತ್ತು ಕುಣಿದಿದ್ದ.

"ಗಿಣಿ, ನನ್ನ ಕಣ್ಣು ಸಾಲದು. ಈ ಮೂಲೆಯಲ್ಲಿ ಏನಿದೆ ಓದು. ಇದ್ದದ್ದು ಇದ್ದ ಹಾಗೆ."

ಗಿಣಿ ಭೂತಗನ್ನಡಿ ಹಿಡಿದಳು. ದುಂಡು ಮುದ್ರೆಯ ಕಾಲುಭಾಗವೂ ಇರಲಿಲ್ಲ. ಊರ ಹೆಸರಿನ ಕೊನೆಯ ಮೂರು ಅಕ್ಷರ, ಅದರ ಕೆಳಗೆ ಒಂದು ಚಿಕ್ಕ ನಕ್ಷತ್ರದ ಅರ್ಧ.

"ಸಾಕು," ಎಂದ ತಾತ. "ಕಾಗದ ಅಂಚೆಗೆ ಹಾಕಿದ್ದು ಆ ಹೊಸ ಊರಿನಿಂದಲೇ ಅಲ್ವಾ. ಠಸ್ಸೆ ಹೊಡೆದವನಿಗೆ ಠಸ್ಸೆ ಗೊತ್ತು. ಹೆಸರು ಉದ್ದ ಇದ್ದರೆ ಅಕ್ಷರ ನಕ್ಷತ್ರದ ಹತ್ತಿರಕ್ಕೆ ಬರುತ್ತೆ, ಗಿಡ್ಡ ಇದ್ದರೆ ಮೇಲೇ ಉಳಿಯುತ್ತೆ. ವೃತ್ತ ಎಷ್ಟಗಲ ಅಂತ ಗೊತ್ತಾದರೆ ಹೆಸರಲ್ಲಿ ಎಷ್ಟು ಅಕ್ಷರ ಇತ್ತು ಅಂತ ಹೇಳಬಹುದು. ಅದಕ್ಕೆ ಪೂರ್ತಿ ಮುದ್ರೆ ಬಿದ್ದಿರೋ ಚೀಟಿ ಒಂದು ಬೇಕು."

ಆಲ್ಬಮ್ಮನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿದರು. ಆರುನೂರ ಚಿಲ್ಲರೆ ಚೀಟಿಗಳಲ್ಲಿ ಪೂರ್ತಿ ಮುದ್ರೆಯದು ಒಂದೂ ಇರಲಿಲ್ಲ. ನಲವತ್ತು ವರ್ಷ ಆರಿಸಿ ಆರಿಸಿ ಅವನೇ ಹೊರಗೆ ಹಾಕಿದ್ದ.

ಗಡಿಯಾರದವನ ಅಂಗಡಿಗೆ ಇಬ್ಬರೂ ನಡೆದು ಹೋದರು. ಅವನು ಕಣ್ಣಿನ ಮಸೂರವನ್ನು ಹಣೆಗೇರಿಸಿ, ಕಪಾಟಿನ ಕೆಳಗಿಂದ ಒಂದು ಸಿಗರೇಟು ಡಬ್ಬಿ ಎಳೆದ. "ನೀವೇ ಕೊಟ್ಟ ಕಸ ಇದೆಲ್ಲ. ಮಕ್ಕಳಿಗೆ ಹಂಚಿ ಇಷ್ಟು ಉಳಿದಿದೆ. ಈಗ ಕಸಕ್ಕೆ ಯಾಕೆ ಬಂದ್ರಿ?" ತಾತ ಡಬ್ಬಿಯನ್ನು ಮೇಜಿನ ಮೇಲೆ ಸುರಿದ. ಆ ಕಸದಲ್ಲಿ ಒಂದರ ಮೇಲೆ, ರಾಜನ ಮುಖ ಕಾಣದಂತೆ, ದುಂಡಗೆ ಪೂರ್ತಿ ಮುದ್ರೆ ಬಿದ್ದಿತ್ತು. ದ್ವೀಪದ ಅಂಚೆ ಕಚೇರಿಗಳ ಹಳೆಯ ಪಟ್ಟಿಯೊಂದನ್ನೂ ಗಡಿಯಾರದವನು ಹುಡುಕಿ ಕೊಟ್ಟ.

ಮೂರು ದಿನ ಅದೇ ಕೆಲಸ. ಗಿಣಿ ತನ್ನ ಜಾಮಿಟ್ರಿ ಬಾಕ್ಸಿನ ಕೈವಾರದಲ್ಲಿ ವೃತ್ತ ಎಳೆದಳು. ತಾತ ಅಕ್ಷರಗಳ ನಡುವಿನ ಜಾಗ ಅಳೆದ. ಆ ಮೂರು ಅಕ್ಷರಗಳಿಂದ ಕೊನೆಯಾಗುವ ಊರುಗಳು ಪಟ್ಟಿಯಲ್ಲಿ ಹದಿನೇಳಿದ್ದವು, ಹೆಸರಿನ ಉದ್ದ ಹೊಂದುವುದು ನಾಲ್ಕೇ. ಸೊಸೆ ಆಚೀಚೆ ಓಡಾಡುತ್ತ ನೋಡುತ್ತಿದ್ದಳು. ಮೂರನೆಯ ದಿನ ಯಾರೂ ಕೇಳದೆಯೇ ಮೇಜಿನ ಮೇಲಿನ ಈರುಳ್ಳಿಯ ಬೋಗುಣಿ ಎತ್ತಿ ಜಾಗ ಮಾಡಿಕೊಟ್ಟಳು.

ನಾಲ್ಕು ಊರಿನ ಪೋಸ್ಟ್ ಮಾಸ್ಟರಿಗೆ ನಾಲ್ಕು ಕಾಗದ ಸಿದ್ಧವಾದವು. ಇಂಥ ಹೆಸರಿನವನು, ಹಿಂದೆ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು ನಿಮ್ಮಲ್ಲಿದ್ದಾನೆಯೇ, ಇದ್ದರೆ ಒಳಗಿನ ಕಾಗದವನ್ನು ದಯವಿಟ್ಟು ತಲುಪಿಸಿ. ಮಂಚದಿಂದ ಅಜ್ಜಿಯ ಸ್ವರ ಕೇಳಿತು.

"ಗಿಣಿ, ನಮ್ಮ ವಿಳಾಸ ಒಳಗೂ ಬರೀಬೇಕು, ಹೊರಗೂ ಬರೀಬೇಕು ಅಂತ ನಿಮ್ಮ ತಾತನಿಗೆ ಹೇಳು."

"ಬರೆದಿದ್ದೀನಿ," ಎಂದ ತಾತ, ಮೇಜಿಗೆ ಹೇಳಿದಂತೆ.

ವಾರಗಳು ಉರುಳಿದವು. ತಾತ ದಿನಾ ಬೆಳಿಗ್ಗೆ ಮುಖ ಕ್ಷೌರ ಮಾಡಿಕೊಂಡು, ಪಕ್ಕದ ಮನೆಯವಳನ್ನು ಮಂಚದ ಬಳಿ ಕೂರಿಸಿ, ಕೆಲಸಕ್ಕೆ ಹೋಗುತ್ತಿದ್ದ ಕಾಲದಂತೆಯೇ, ಅಂಚೆ ಕಚೇರಿಗೆ ಹೋಗಿ ಹಿಂಬಾಗಿಲಲ್ಲಿ ನಿಲ್ಲುತ್ತಿದ್ದ. ಹೊಸ ಹುಡುಗರು ಮೊದಮೊದಲು ಸ್ಟೂಲು ಕೊಟ್ಟರು, ಆಮೇಲೆ ಅವನು ಇರುವುದೇ ಮರೆತುಹೋಯಿತು. ಐದನೆಯ ವಾರ ಒಂದು ಕಾಗದ ಹಾಗೇ ಹಿಂದಿರುಗಿತು. ಆರನೆಯ ವಾರ, ಅಂಥವರು ಇಲ್ಲಿಲ್ಲ ಎಂದು ಇನ್ನೊಂದು ಊರಿನಿಂದ ಒಂದು ಸಾಲಿನ ಉತ್ತರ. ಏಳನೆಯದಕ್ಕೆ ಮೂರನೆಯ ಊರಿನ ಕಾಗದವೂ ವಾಪಸು. ಅಷ್ಟರಲ್ಲಿ ಅಜ್ಜಿಯ ಗಂಜಿ ಅರ್ಧ ಬಟ್ಟಲಿಗೆ ಇಳಿದಿತ್ತು. ಅವಳ ಮಾತು ಗಿಣಿಗೆ ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು.

ಒಂಬತ್ತನೆಯ ವಾರ, ಗಿಣಿಯ ಶಾಲೆಗೆ ರಜೆಯಿದ್ದ ಒಂದು ದಿನ, ತಾತ ಅಂಚೆ ಕಚೇರಿಯ ಹಿಂಬಾಗಿಲಲ್ಲಿ ನಿಂತಿದ್ದಾಗ ಪೋಸ್ಟ್‌ಮನ್ ಮುಂಬಾಗಿಲಿನಿಂದ ಹೊರಟು ನೇರ ಮನೆಗೇ ಬಂದ. ಗಿಣಿ ಸಹಿ ಹಾಕಿ ತೆಗೆದುಕೊಂಡಳು. ಹಕ್ಕಿಯ ಚಿತ್ರದ ಸ್ಟಾಂಪು, ದ್ವೀಪದ್ದು.

"ಓದು," ಎಂದಳು ಅಜ್ಜಿ.

ಓದಿದಳು. ಎರಡನೆಯ ಸಾಲಿಗೆ ಬಂದು ನಿಂತಳು, ಅಜ್ಜಿಯ ಮುಖ ನೋಡಿದಳು. ಆದರೆ ಅವಳು ಗಿಣಿ, ಬಿಟ್ಟು ಓದುವುದು ಅವಳಿಗೆ ಬರುತ್ತಿರಲಿಲ್ಲ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದು ತಮ್ಮನ ಕಿರಿಯ ಮಗಳು ಬರೆದಿದ್ದಳು. ಕೊನೆಯವರೆಗೂ ಓದಿ ಮುಗಿಸಿದಾಗ ಗಿಣಿಯ ಮೂಗು ಸೋರುತ್ತಿತ್ತು. ಅಜ್ಜಿ ಅಳಲಿಲ್ಲ. ಬಲಗೈಯಿಂದ ಹೊದಿಕೆಯನ್ನು ಎಳೆದೆಳೆದು ನೇರ ಮಾಡಿದಳು. ಒಂದೇ ಅಂಚನ್ನು ಎಷ್ಟೋ ಸಲ ನೇರ ಮಾಡಿದಳು.

"ಹೇಗಿತ್ತೋ ಹಾಗೇ ಮಡಚಿ ಕವರಿಗೆ ಹಾಕು," ಎಂದಳು ಆಮೇಲೆ. "ನಿಮ್ಮ ತಾತ ಬರಲಿ. ಓದಿಸಿದ್ದು ಹೇಳಬೇಡ."

"ಅಜ್ಜಿ, ಬೇಡ ಅಜ್ಜಿ."

"ಹೇಳಬೇಡ ಅಂದೆ."

ತಾತ ಬಂದದ್ದು ಮಧ್ಯಾಹ್ನ ದಾಟಿದ ಮೇಲೆ. ಅಜ್ಜಿ ಹೊದಿಕೆಯ ಮೇಲಿಂದ ಕವರನ್ನು ಎತ್ತಿ ಅವನತ್ತ ಚಾಚಿದಳು. ಒಂಬತ್ತು ವಾರದಲ್ಲಿ ಮೊದಲ ಸಲ ನೇರವಾಗಿ ಅವನ ಜೊತೆಗೇ ಮಾತಾಡಿದಳು.

"ಓದಿ."

ಆ ಒಂದು ಮಾತಿಗೆ ತಾತನ ಮುಖ ಅರಳಿದ್ದು ಕಂಡು ಗಿಣಿಗೆ ಎದ್ದು ಓಡಿಹೋಗೋಣ ಎನ್ನಿಸಿತು. ಅವನು ಕನ್ನಡಕ ಒರೆಸಿಕೊಂಡು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ. ಸ್ಟಾಂಪಿನ ಕಡೆ ಕಣ್ಣು ಹಾಯಿಸಲೇ ಇಲ್ಲ. ಕಾಗದ ಬಿಡಿಸಿ, ಅಕ್ಷರಗಳ ಕೆಳಗೆ ಬೆರಳಿಟ್ಟ.

"ಅತ್ತೆಗೆ ನಮಸ್ಕಾರಗಳು. ನಾನು ನಿಮ್ಮ ತಮ್ಮನ ಕಿರಿಮಗಳು."

ಬೆರಳು ನಿಂತಿತು. ತಾತ ಒಮ್ಮೆ ಕೆಮ್ಮಿದ. ಬೆರಳು ಒಂದು ಸಾಲು ಕೆಳಗೆ ಇಳಿಯಿತು.

"ನಮ್ಮ ಅಕ್ಷರ ಅಪ್ಪ ಕಲಿಸಿದ್ದು, ತಪ್ಪಿದ್ದರೆ ಮನ್ನಿಸಿ. ಉತ್ತರ ಬರಲಿಲ್ಲವೆಂದು ಅಪ್ಪನಿಗೆ ನಿಮ್ಮ ಮೇಲೆ ಕೋಪ ಇಲ್ಲ. ಅಕ್ಕನಿಗೆ ಬರೆಯಲು ಬಾರದು, ಬರೆಯುವವರು ಭಾವ, ಅವರಿಗೇ ನಾನು ಬೇಡವಾದೆ ಎನ್ನುತ್ತಾರೆ. ಎರಡು ಸಲ ಬರೆಯಲು ಕೂತು, ಭಾವನಿಗೆ ಬೇಡದ ಮೇಲೆ ಯಾಕೆ ಎಂದು ಹರಿದು ಹಾಕಿದರು." ಕಾಗದದಲ್ಲಿ 'ಎನ್ನುತ್ತಿದ್ದರು' ಎಂದಿದ್ದದ್ದನ್ನು ತಾತ 'ಎನ್ನುತ್ತಾರೆ' ಮಾಡಿದ, ಆದರೆ ತನ್ನ ಮೇಲಿನ ದೂರಿನಲ್ಲಿ ಒಂದು ಮಾತನ್ನೂ ನುಂಗಲಿಲ್ಲ, ಮೆಲ್ಲಗೂ ಓದಲಿಲ್ಲ. "ಆದರೂ ಇಲ್ಲಿ ಹೊಸ ಸ್ಟಾಂಪು ಬಂದಾಗಲೆಲ್ಲ ಇದು ಭಾವನಿಗೆ ಎಂದು ಒಂದು ಡಬ್ಬಿಗೆ ಹಾಕಿಡುತ್ತಾರೆ. ಡಬ್ಬಿ ತುಂಬಿದೆ. ಬೇಕಾದರೆ ಕಳಿಸುತ್ತೇನೆ."

ಓದಿ ಮುಗಿಸಿ, ಕಾಗದ ಮಡಚಿ, ಹೆಂಡತಿಯ ಮುಖ ನೋಡದೆ ಹೇಳಿದ: "ಎಲ್ಲರೂ ಚೆನ್ನಾಗಿದ್ದಾರಂತೆ. ನಿನ್ನ ತಮ್ಮನೂ."

ಆಗಷ್ಟೇ ಕೆಲಸದಿಂದ ಬಂದಿದ್ದ ಸೊಸೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅಜ್ಜಿ ತುಂಬ ಹೊತ್ತು ಗಂಡನನ್ನೇ ನೋಡಿದಳು.

"ಒಂದು ಸಾಲು ಬಿಟ್ಟಿರಿ," ಎಂದಳು.

"ಇಲ್ಲ ಇವಳೇ, ಇಷ್ಟೇ ಇರೋದು..."

"ಎರಡನೇ ಸಾಲು. ಅದನ್ನೂ ಓದಿ."

ತಾತ ಗಿಣಿಯ ಕಡೆ ನೋಡಿದ. ಗಿಣಿ ಗೋಡೆಯ ಕಡೆ ತಿರುಗಿಕೊಂಡಿದ್ದಳು. ಅವನು ಮತ್ತೆ ಕಾಗದ ಬಿಡಿಸಿದ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೆಯ ಸಲ ಓದಿದ.

ಅಜ್ಜಿ ತಲೆಯಾಡಿಸಿದಳು. ಬಲಗೈಯಿಂದ ಅವನ ಮಣಿಕಟ್ಟು ಹಿಡಿದಳು, ಸಮಾಧಾನಕ್ಕೋ, ಎದ್ದುಹೋಗಬಾರದೆಂದೋ ಹೇಳುವುದು ಕಷ್ಟ.

"ಈಗ ಕವರಿನ ಹಿಂದೆ ಇರೋದು ಓದಿ. ನಿಧಾನವಾಗಿ."

ತಾತ ಕವರು ತಿರುಗಿಸಿದ. ಮನೆ ನಂಬರು ಓದಿದ, ಬೀದಿ ಓದಿದ, ಊರು ಓದಿದ. ಅವನು ಒಂದೊಂದು ಪದ ಹೇಳಿದಂತೆ ಅಜ್ಜಿ ಕಣ್ಣು ಮುಚ್ಚಿಕೊಂಡು, ತನ್ನ ತೊದಲು ಬಾಯಲ್ಲಿ, ಅದನ್ನು ಅವನ ಹಿಂದೆಯೇ ಹೇಳಿಕೊಳ್ಳುತ್ತಿದ್ದಳು. ಮುಗಿದ ಮೇಲೆ, "ಇನ್ನೊಂದು ಸಲ," ಎಂದಳು.